ಪೋರ್ಟ್ ತರಲಾ, ಶೆರ್ರಿ ತರಲಾ?

ನೀವು ಲಂಡನ್‌ನಲ್ಲಿದ್ದೀರಿ. ಮದುವೆ ವಾರ್ಷಿಕೋತ್ಸವಕ್ಕೆ ಆರು ಜನ ಊಟಕ್ಕೆ ಬರುತ್ತಾರೆ. ಹಿಂದೆ ಗೋವಾದಲ್ಲಿ ಕುಡಿದ ಪೋರ್ಟ್ ಅನ್ನುವ ಸಿಹಿ ವೈನ್ ಇಷ್ಟವಾಗಿತ್ತು. ಈಗ ಅಂಗಡಿಯಲ್ಲಿ ರೂಬಿ, ಟಾನಿ, ವಿಂಟೇಜ್ ಅಂತ ಮೂರು ಥರದ ಪೋರ್ಟ್, ಅದರಂತೆಯೇ ಸ್ಪಿರಿಟ್ ಸೇರಿಸಿ ಮಾಡುವ ಶೆರ್ರಿ, ಮಡೈರಾ ವೈನ್ ಎಲ್ಲಾ ನೋಡಿ ಯಾವುದನ್ನು ತರಲಿ ಅಂತ ಕೇಳಿದ್ದೀರಿ, ಅಲ್ವಾ? ಕೆಲಸದ ಮೇಲೆ ಪೋರ್ಚುಗಲ್‌ನ ಪೋರ್ಟೊದಲ್ಲಿ ಎರಡು ವರ್ಷ ಇದ್ದೆ. ಅಲ್ಲಿ ಕುಡಿದು ಕಲಿತಿದ್ದನ್ನು ಹೇಳುತ್ತೇನೆ.

ರುಚಿಗಿಂತ ಮೊದಲು ಒಂದು ವಿಷಯ ಯೋಚಿಸಿ. ಬಾಟಲಿ ಅವತ್ತೇ ಖಾಲಿ ಆಗುತ್ತಾ, ಇಲ್ಲಾ ಫ್ರಿಜ್‌ನಲ್ಲಿ ಉಳಿಯುತ್ತಾ? ಆಲ್ಕೋಹಾಲ್ ಜಾಸ್ತಿ ಇದೆ, ಹಾಗಾಗಿ ಕೆಡುವುದಿಲ್ಲ ಅಂತ ತುಂಬಾ ಜನ ನಂಬಿದ್ದಾರೆ. ನಾನೂ ನಂಬಿದ್ದೆ. ಒಂದು ಒಳ್ಳೆಯ ಫಿನೊ (ಸಿಹಿಯಿಲ್ಲದ, ತಿಳಿ ಬಣ್ಣದ ಶೆರ್ರಿ) ತೆರೆದು, ಎರಡು ಗ್ಲಾಸ್ ಕುಡಿದು, ಬೀರುವಿನಲ್ಲಿ ಇಟ್ಟುಬಿಟ್ಟೆ. ಎರಡು ತಿಂಗಳ ಮೇಲೆ ನೋಡಿದರೆ ಸಪ್ಪೆ. ಇವತ್ತಿಗೂ ಬೇಜಾರಿದೆ. ಫಿನೊ ಫ್ರಿಜ್‌ನಲ್ಲಿಟ್ಟರೂ ಒಂದು ವಾರದೊಳಗೆ ಮುಗಿಸಬೇಕು.

ಪೋರ್ಟ್ ಯಾಕೆ ಸಿಹಿ ಅಂದರೆ, ಪೋರ್ಚುಗಲ್‌ನ ಡೊರೊ ಕಣಿವೆಯ ದ್ರಾಕ್ಷಿರಸ ಹುದುಗುತ್ತಿರುವಾಗಲೇ ಅದಕ್ಕೆ ದ್ರಾಕ್ಷಿಯ ಸ್ಪಿರಿಟ್ ಸುರಿಯುತ್ತಾರೆ. ಸಕ್ಕರೆಯನ್ನು ಆಲ್ಕೋಹಾಲ್ ಮಾಡುವ ಯೀಸ್ಟ್ ಸಾಯುತ್ತದೆ, ದ್ರಾಕ್ಷಿಯ ಸಕ್ಕರೆ ಹಾಗೇ ಉಳಿಯುತ್ತದೆ. ಆಲ್ಕೋಹಾಲ್ 20 ಪರ್ಸೆಂಟ್ ಆಸುಪಾಸು. ಸ್ಪೇನ್‌ನ ಹೆರೆಸ್ ಊರಿನ ಶೆರ್ರಿಗೆ ಹುದುಗಿ ಮುಗಿದ ಮೇಲೆ ಸ್ಪಿರಿಟ್ ಸೇರಿಸುತ್ತಾರೆ. ಅದಕ್ಕೇ ಫಿನೊದಲ್ಲಿ ಸಿಹಿ ಸ್ವಲ್ಪವೂ ಇರುವುದಿಲ್ಲ.

ಗೋವಾದ ಪೋರ್ಟ್ ಡೊರೊದ್ದಲ್ಲ, ಹೆಸರಷ್ಟೇ ಒಂದು. ಆದರೂ ಅದು ಇಷ್ಟವಾಗಿತ್ತು ಅಂದರೆ ನಿಮ್ಮ ನಾಲಿಗೆಗೆ ಸಿಹಿ ಬೇಕು. ಹಾಗಾಗಿ ನನ್ನ ಉತ್ತರ: 10 ವರ್ಷದ ಟಾನಿ ತನ್ನಿ.

ರೂಬಿಯನ್ನು ದೊಡ್ಡ ತೊಟ್ಟಿಗಳಲ್ಲಿ, ಗಾಳಿ ಹೆಚ್ಚು ತಾಗದಂತೆ ಇಡುತ್ತಾರೆ. ಬಣ್ಣ ಕಡುಗೆಂಪು, ರುಚಿ ತಾಜಾ ಹಣ್ಣಿನದು. ಟಾನಿ ಚಿಕ್ಕ ಮರದ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಕೂತು ನಿಧಾನವಾಗಿ ಗಾಳಿ ಕುಡಿಯುತ್ತದೆ. ಗ್ಲಾಸ್ ಓರೆ ಮಾಡಿ ನೋಡಿ, ಅಂಚು ಹಳೇ ಹೆಂಚಿನ ಬಣ್ಣ. ಮೂಗಿನ ಹತ್ತಿರ ತಂದರೆ ಅಕ್ರೋಟು, ಒಣ ಅಂಜೂರ, ಬೆಲ್ಲದ ಪಾಕ ಕೆಳಗಿಳಿಸಿದಾಗ ಬರುವ ವಾಸನೆ. ಒಮ್ಮೆ ಅಮ್ಮ ಕಳಿಸಿದ ಕಡಲೆಬೇಳೆ ಹೋಳಿಗೆ ಜೊತೆ ಕುಡಿದೆ. ಆ ಬೆಲ್ಲಕ್ಕೂ ಈ ವೈನಿಗೂ ಎಷ್ಟು ಹೊಂದಿತು ಅಂದರೆ, ಆಮೇಲೆ ಚಾಕೊಲೇಟ್ ಜೊತೆ ಕುಡಿಯುವುದನ್ನೇ ಬಿಟ್ಟೆ. ಲೇಬಲ್ ಮೇಲಿನ 10, 20 ಅನ್ನುವುದು ಒಂದೇ ವರ್ಷದ ವೈನ್ ಅಂತಲ್ಲ. ಹಳೆಯದು, ಹೊಸದು ಬೆರೆಸಿ ಆ ವಯಸ್ಸಿನ ರುಚಿ ತಂದಿರುತ್ತಾರೆ. 20 ವರ್ಷದ್ದು ಇನ್ನೂ ಚೆನ್ನ, ಆದರೆ ಬೆಲೆಯೂ ಜಾಸ್ತಿ.

ಇನ್ನೊಂದು ಅನುಕೂಲ, ಈಗಾಗಲೇ ಗಾಳಿ ಕಂಡಿರುವುದರಿಂದ ಟಾನಿ ತೆರೆದ ಮೇಲೂ ಒಂದು ತಿಂಗಳು ಫ್ರಿಜ್‌ನಲ್ಲಿ ಚೆನ್ನಾಗಿರುತ್ತದೆ. ರೂಬಿ ಒಂದೆರಡು ವಾರ. ವಿಂಟೇಜ್, ಅಂದರೆ ಒಂದೇ ಒಳ್ಳೆಯ ವರ್ಷದ ದ್ರಾಕ್ಷಿಯ ದುಬಾರಿ ಪೋರ್ಟ್, ಒಂದೆರಡು ದಿನದಲ್ಲೇ ಮುಗಿಯಬೇಕು, ಗಸಿ ಬೇರೆ ಇರುತ್ತದೆ, ಬಟ್ಟೆಯಲ್ಲಿ ಸೋಸಿ ಬಗ್ಗಿಸಬೇಕು. ಈ ಊಟಕ್ಕೆ ಅಷ್ಟು ದುಡ್ಡು, ಅಷ್ಟು ಕೆಲಸ ಎರಡೂ ಬೇಡ ಅಂತ ನನ್ನ ಅಭಿಪ್ರಾಯ. ವರ್ಷಕ್ಕೆ ನಾಲ್ಕು ಸಲ ಮಾತ್ರ ಕುಡಿಯುವ ಮನೆಗಾದರೆ ಪೋರ್ಚುಗಲ್‌ನ ಮಡೈರಾ ದ್ವೀಪದ ವೈನ್ ಮಡೈರಾ ಹೇಳುತ್ತೇನೆ. ಅದನ್ನು ಮಾಡುವಾಗಲೇ ಬಿಸಿ ಕಾಯಿಸಿ ಗಾಳಿಗೆ ಒಡ್ಡಿರುತ್ತಾರೆ, ತೆರೆದು ತಿಂಗಳುಗಟ್ಟಲೆ ಇಟ್ಟರೂ ರುಚಿ ಕೆಡುವುದಿಲ್ಲ. ಸಿಹಿ ಬೇಕಿದ್ದರೆ ಲೇಬಲ್ ಮೇಲೆ ಮಾಮ್ಸಿ (Malmsey) ಅಂತ ಇರುವುದನ್ನು ನೋಡಿ, ಸಿಹಿ ಬೇಡದವರಿಗೆ ಸರ್ಸಿಯಲ್ (Sercial).

ಬರುವವರಲ್ಲಿ ಸಿಹಿ ಒಲ್ಲದವರು ಇದ್ದರೆ ಫಿನೊದ ಅರ್ಧ ಬಾಟಲಿ ಸಾಕು. ಚೆನ್ನಾಗಿ ತಣ್ಣಗೆ ಮಾಡಿ, ಊಟಕ್ಕೆ ಮೊದಲು ಉಪ್ಪು ಹಾಕಿ ಹುರಿದ ಬಾದಾಮಿ ಅಥವಾ ಮೀನಿನ ಫ್ರೈ ಜೊತೆ ಕೊಡಿ. ಟಾನಿಯನ್ನು ಬಡಿಸುವ ಅರ್ಧ ಗಂಟೆ ಮುಂಚೆ ಫ್ರಿಜ್‌ನಲ್ಲಿಟ್ಟು, ಊಟ ಮುಗಿದ ಮೇಲೆ ಚಿಕ್ಕ ಗ್ಲಾಸ್‌ಗಳಲ್ಲಿ ಸ್ವಲ್ಪ ಸ್ವಲ್ಪವೇ ಹಾಕಿ.