ಸ್ಟೋಯಿಕರ ಪ್ರಕಾರ ಯಾವುದು ಖಚಿತ?

ಕಣ್ಣು ಕಿವಿ ಮೋಸ ಮಾಡುತ್ತವೆಂದು ಗೊತ್ತಿದ್ದೂ ಪ್ರಾಚೀನ ಗ್ರೀಸಿನ ತತ್ತ್ವಪಂಥದವರಾದ ಸ್ಟೋಯಿಕರು ಖಚಿತ ಜ್ಞಾನ ಸಾಧ್ಯ ಎಂದದ್ದು ಹೇಗೆ ಎಂದು ಕೇಳಿದ್ದೀರಿ. ಅವರ ಲೆಕ್ಕದಲ್ಲಿ ತಪ್ಪು ಹುಟ್ಟುವುದು ಕಣ್ಣಿನಲ್ಲಲ್ಲ, ಕಂಡದ್ದಕ್ಕೆ ಮನಸ್ಸು ಹೂಂಗುಟ್ಟುವಾಗ.

ಪಂಥದ ಸ್ಥಾಪಕ ಝೀನೋ ಇದನ್ನು ಕೈಯಲ್ಲೇ ತೋರಿಸುತ್ತಿದ್ದ ಎಂದು ರೋಮನ್ ಲೇಖಕ ಸಿಸೆರೋ ಬರೆದಿದ್ದಾನೆ. ಬಿಚ್ಚಿದ ಅಂಗೈ ಎಂದರೆ ತೋರಿಕೆ, ಅಂದರೆ ವಸ್ತು ಮನಸ್ಸಿನ ಮೇಲೆ ಒತ್ತುವ ಅಚ್ಚು. ಬೆರಳು ತುಸು ಮಡಿಸಿದರೆ ಒಪ್ಪಿಗೆ. ಮುಷ್ಟಿ ಕಟ್ಟಿದರೆ ಗ್ರಹಿಕೆ, ಅಂದರೆ 'ಕಟಾಲೆಪ್ಸಿಸ್'. ಆ ಮುಷ್ಟಿಯನ್ನು ಎಡಗೈಯಿಂದ ಬಿಗಿಯಾಗಿ ಅದುಮಿದರೆ ಜ್ಞಾನ. ಓದುವವರು ಸಾಮಾನ್ಯವಾಗಿ ಕೊನೆಯ ಎರಡನ್ನು ಕಲಸಿಬಿಡುತ್ತಾರೆ. 'ಈಗ ಹಗಲು' ಎಂಬ ಗ್ರಹಿಕೆ ದಡ್ಡನಿಗೂ ದಕ್ಕುತ್ತದೆ. ಯಾವ ವಾದಕ್ಕೂ ಅಲುಗದಂತೆ ಗ್ರಹಿಕೆಗಳು ಒಂದಕ್ಕೊಂದು ಹೆಣೆದುಕೊಂಡಾಗ ಮಾತ್ರ ಜ್ಞಾನ. ಅದು ಪರಿಪೂರ್ಣ ಜ್ಞಾನಿಗೆ ಮಾತ್ರ ದಕ್ಕುವ ಸೊತ್ತು. ಪಂಥದ ನಂತರದ ಮುಖ್ಯಸ್ಥ ಕ್ರಿಸಿಪ್ಪಸ್ ತನ್ನನ್ನಾಗಲಿ ತನ್ನ ಗುರುಗಳನ್ನಾಗಲಿ ಆ ಸಾಲಿಗೆ ಸೇರಿಸಲಿಲ್ಲ.

ಎಲ್ಲ ತೋರಿಕೆಗೂ ಮುಷ್ಟಿ ಕಟ್ಟುವಂತಿಲ್ಲ. ತೋರಿಕೆ ಇರುವ ವಸ್ತುವಿನಿಂದಲೇ ಬಂದಿರಬೇಕು, ಅದು ಇರುವಂತೆಯೇ ಅಚ್ಚೊತ್ತಿರಬೇಕು. ಪ್ಲೇಟೋ ಕಟ್ಟಿದ ಅಕಾಡೆಮಿ ಆಗ ಖಚಿತ ಜ್ಞಾನವನ್ನೇ ಸಂದೇಹಿಸುತ್ತಿತ್ತು; ಅದರ ಮುಖ್ಯಸ್ಥ ಆರ್ಕೆಸಿಲಾಸ್ ಪಟ್ಟು ಹಿಡಿದ ಮೇಲೆ ಮೂರನೆಯದು ಸೇರಿತು: ಇಲ್ಲದ ವಸ್ತುವಿನಿಂದ ಅಂಥ ತೋರಿಕೆ ಬರುವುದು ಸಾಧ್ಯವೇ ಇರಬಾರದು. ಜಗಳವೆಲ್ಲ ಇದರ ಮೇಲೆಯೇ. ಅವಳಿಗಳನ್ನು, ಎರಡು ಮೊಟ್ಟೆಗಳನ್ನು ಹೇಗೆ ಗುರುತಿಸುತ್ತೀರಿ ಎಂದರು ಅಕಾಡೆಮಿಯವರು. ಯಾವ ಎರಡು ವಸ್ತುವೂ ಪೂರ್ತಿ ಒಂದೇ ಅಲ್ಲ, ಪಳಗಿದ ಕಣ್ಣಿಗೆ ಭೇದ ಸಿಗುತ್ತದೆ ಎಂಬುದು ಸ್ಟೋಯಿಕರ ಉತ್ತರ. ಡೆಲೋಸ್ ದ್ವೀಪದ ಕೋಳಿ ಸಾಕುವವರು ಮೊಟ್ಟೆ ನೋಡಿಯೇ ಇದು ಯಾವ ಕೋಳಿಯದು ಎನ್ನುತ್ತಿದ್ದರಂತೆ! ಭೇದ ಕಾಣದಿದ್ದರೆ ಒಪ್ಪಿಗೆ ತಡೆಹಿಡಿಯಬೇಕು.

ಪರೀಕ್ಷಿಸುವುದು ಹೇಗೆ? ಸಂದೇಹವಾದಿ ಲೇಖಕ ಸೆಕ್ಸ್ಟಸ್ ಎಂಪಿರಿಕಸ್ ಸ್ಟೋಯಿಕರ ಐದು ಅಂಶಗಳನ್ನು ಕೊಡುತ್ತಾನೆ: ಇಂದ್ರಿಯ, ವಸ್ತು, ಜಾಗ, ನೋಡುವ ರೀತಿ, ಮನಸ್ಸು. ಒಂದು ಕೆಟ್ಟರೂ ಗ್ರಹಿಕೆ ಇಲ್ಲ. ಮನಸ್ಸು ಅಡ್ಡಬಂದದ್ದಕ್ಕೆ ಗ್ರೀಕ್ ಕಥೆಯ ಮೆನಲೌಸ್ ಉದಾಹರಣೆ. ಟ್ರಾಯ್‌ನಿಂದ ಅವನು ಕರೆತಂದದ್ದು ಹೆಂಡತಿ ಹೆಲೆನ್‌ಳ ಮಾಯಾರೂಪವನ್ನು. ಅಸಲಿ ಹೆಲೆನ್ ಎದುರಿಗೇ ಇದ್ದಳು, ತೋರಿಕೆ ಸ್ಪಷ್ಟವಾಗಿಯೇ ಇತ್ತು. ಆದರೆ ಹೆಲೆನ್‌ಳನ್ನು ಹಡಗಿನಲ್ಲಿ ಬಿಟ್ಟುಬಂದಿದ್ದೇನೆ ಎಂದು ಅವನು ನಂಬಿದ್ದ, ಎದುರಿಗಿದ್ದವಳನ್ನು ಒಪ್ಪಲಿಲ್ಲ. ಹಾಗಾಗಿ ಇಂಥ ತೋರಿಕೆ ಸತ್ಯಕ್ಕೆ ಒರೆಗಲ್ಲಾಗುವುದು 'ಅಡ್ಡಿ ಇಲ್ಲದಿದ್ದರೆ' ಎಂಬ ಷರತ್ತನ್ನು ನಂತರದ ಸ್ಟೋಯಿಕರು ಸೇರಿಸಿದರು.

ನನಗೆ ಅವರ ವಾದ ಸಡಿಲವೆನಿಸುವುದು ಸ್ಟೋಯಿಕ ಸ್ಫೇರಸ್‌ನ ಪ್ರಸಂಗದಲ್ಲಿ. ಈಜಿಪ್ಟಿನ ದೊರೆ ಟಾಲೆಮಿ ಇಟ್ಟ ಮೇಣದ ದಾಳಿಂಬೆ ಕಂಡು ಅವನು ಮೋಸಹೋದ. ಸುಳ್ಳು ತೋರಿಕೆಗೆ ಒಪ್ಪಿದೆಯಲ್ಲ ಎಂದು ದೊರೆ ಕೂಗಿದಾಗ, 'ಇವು ದಾಳಿಂಬೆ ಎಂದು ನಾನು ಒಪ್ಪಲಿಲ್ಲ, ದಾಳಿಂಬೆ ಇರಬಹುದೆನ್ನುವುದು ಸಮಂಜಸ ಎಂದು ಒಪ್ಪಿದೆ' ಎಂದ. ಜಾಣ ಉತ್ತರವೇ. ಆದರೆ ದಿನದ ವ್ಯವಹಾರವೆಲ್ಲ 'ಸಮಂಜಸ'ದ ಮೇಲೆ ನಡೆಯುವುದಾದರೆ ಖಚಿತ ಜ್ಞಾನವಿಲ್ಲದೆಯೂ ಸಮಂಜಸವಾದದ್ದನ್ನು ನೆಚ್ಚಿ ಬದುಕಬಹುದು ಎಂದು ಅಕಾಡೆಮಿಯವರು ಹೇಳುತ್ತಿದ್ದುದಕ್ಕೂ ಇದಕ್ಕೂ ಹೆಚ್ಚು ದೂರ ಉಳಿಯುವುದಿಲ್ಲ.