ವಿಡಂಬನೆ ಅರ್ಥವಾಗದಿದ್ದರೆ ತಪ್ಪು ಓದುಗರದಾ, ಬರೆದವರದಾ?

ನನ್ನ ಪ್ರಕಾರ ಹೆಚ್ಚಿನ ಹೊಣೆ ಬರೆದವರದ್ದೇ. "ನಾನು ವ್ಯಂಗ್ಯವಾಗಿ ಬರೆದೆ, ಅವರ ತಲೆಗೆ ಹೋಗಲಿಲ್ಲ" ಅಂತ ಕೈ ತೊಳೆದುಕೊಳ್ಳುವುದು ಸುಲಭ. ಆದರೆ ಓದುಗರಿಗೆ ಹಿಡಿದುಕೊಳ್ಳಲು ಬರಹದ ಒಳಗೆ ಏನಾದರೂ ಸುಳಿವು ಇತ್ತಾ? ನಾನು ಮೊದಲು ನೋಡುವುದು ಅದನ್ನೇ.

ಇಂಗ್ಲೆಂಡಿನ ಲೇಖಕ ಡೇನಿಯಲ್ ಡೀಫೋ 1702ರಲ್ಲಿ ಹೆಸರು ಹಾಕದೆ ಒಂದು ಕಿರುಹೊತ್ತಗೆ ಬರೆದ. ಇಂಗ್ಲೆಂಡಿನ ಅಧಿಕೃತ ಚರ್ಚಿಗೆ ಸೇರದವರ ಮೇಲೆ ಕಿಡಿಕಾರುತ್ತಿದ್ದ ಪಾದ್ರಿಗಳ ಧಾಟಿಯಲ್ಲೇ ಬರೆದ. ಇಂಥವರ ಪ್ರಾರ್ಥನಾ ಸಭೆಗೆ ಹೋದವರನ್ನು ಗಡಿಪಾರು ಮಾಡಿ, ಬೋಧಕನನ್ನು ಗಲ್ಲಿಗೇರಿಸಿ, ಕಥೆ ಮುಗಿಯುತ್ತದೆ ಅಂತ. ಡೀಫೋ ಆ ಹೊರಗುಳಿದವರಲ್ಲೇ ಒಬ್ಬ. ಕಟ್ಟಾ ಪಾದ್ರಿಗಳನ್ನು ಅಣಕಿಸುವುದು ಅವನ ಉದ್ದೇಶ. ಆದರೆ ಆ ಕಡೆಯ ಕೆಲವರು ಭೇಷ್ ಅಂದರು, ಇವನ ಕಡೆಯವರು ಹೆದರಿದರು. ಗುಟ್ಟು ರಟ್ಟಾದ ಮೇಲೆ ಇಬ್ಬರಿಗೂ ಸಿಟ್ಟು. 1703ರ ಜುಲೈನಲ್ಲಿ ಮೂರು ದಿನ ಅವನ ಕತ್ತು, ಕೈಗಳನ್ನು ಮರದ ಹಲಗೆಗೆ ಸಿಕ್ಕಿಸಿ ಲಂಡನ್ನಿನಲ್ಲಿ ಜನರ ಮುಂದೆ ನಿಲ್ಲಿಸಿದರು. ಆ ಶಿಕ್ಷೆ ದೊಡ್ಡ ಅನ್ಯಾಯ. ಹಾಗಂತ ಓದುಗರನ್ನು ನಾನು ದೂರುವುದಿಲ್ಲ. ನಿಜವಾದ ಪಾದ್ರಿಗಳೇ ಹೆಚ್ಚುಕಡಿಮೆ ಹಾಗೆ ಮಾತಾಡುತ್ತಿದ್ದಾಗ ಅಣಕ ಯಾವುದು, ಅಸಲಿ ಯಾವುದು ಅಂತ ಜನ ಹೇಗೆ ಗುರುತಿಸಬೇಕಿತ್ತು?

ಐರ್ಲೆಂಡಿನ ಲೇಖಕ ಜೊನಾಥನ್ ಸ್ವಿಫ್ಟ್ ಹಾಗೆ ಸುಳಿವಿಲ್ಲದೆ ಬಿಡಲಿಲ್ಲ. 1729ರ ಬರಹದಲ್ಲಿ ಐರ್ಲೆಂಡಿನ ಬಡವರ ಒಂದು ವರ್ಷದ ಮಕ್ಕಳನ್ನು ಶ್ರೀಮಂತರ ಊಟಕ್ಕೆ ಮಾರಬಹುದು ಅಂತ ತಣ್ಣಗೆ ಲೆಕ್ಕ ಕೊಡುತ್ತಾನೆ. ಕೊನೆಗೆ ಬರುವಾಗ, ಬೇರೆ ಉಪಾಯಗಳ ಮಾತು ಎತ್ತಲೇಬೇಡಿ ಅಂತ ಒಂದು ಪಟ್ಟಿ ಹೇಳುತ್ತಾನೆ: ಬೇರೆಲ್ಲೋ ಕೂತು ಗೇಣಿ ಎಣಿಸುವ ಜಮೀನ್ದಾರರಿಗೆ ತೆರಿಗೆ ಹಾಕುವುದು, ನಮ್ಮಲ್ಲೇ ತಯಾರಾದ ಬಟ್ಟೆ ತೊಡುವುದು, ಗೇಣಿದಾರರಿಗೆ ಒಂದಿಷ್ಟಾದರೂ ದಯೆ ತೋರಿಸುವುದು. ಅವನ ನಿಜವಾದ ಬೇಡಿಕೆಗಳು ಇವೇ. ಸ್ವದೇಶಿ ಬಟ್ಟೆಯ ಮಾತನ್ನಂತೂ 1720ರಲ್ಲೇ ನೇರವಾಗಿ ಬರೆದಿದ್ದ. ಇಷ್ಟು ಕೈಗಿಟ್ಟ ಮೇಲೂ ಗೊತ್ತಾಗದಿದ್ದರೆ ಓದಿದವರು ಗಮನ ಕೊಡಲಿಲ್ಲ ಅಂತಲೇ ಅರ್ಥ.

ಓದುಗರ ತಪ್ಪಿಗೂ ಉದಾಹರಣೆ ಇದೆ. 2012ರಲ್ಲಿ ಅಮೆರಿಕದ ಹಾಸ್ಯ ಪತ್ರಿಕೆ ದಿ ಆನಿಯನ್, ಉತ್ತರ ಕೊರಿಯಾದ ಕಿಮ್ ಜಾಂಗ್ ಉನ್‌ರನ್ನು ಆ ವರ್ಷದ ಅತಿ ಆಕರ್ಷಕ ಗಂಡಸು ಅಂತ ಘೋಷಿಸಿತು. ಚೀನಾದ ಆಡಳಿತ ಪಕ್ಷದ ಪತ್ರಿಕೆ ಪೀಪಲ್ಸ್ ಡೈಲಿಯ ಜಾಲತಾಣ ಅದನ್ನು ನಂಬಿ 55 ಫೋಟೊಗಳ ಜೊತೆ ಹಾಕಿತು. ಸುದ್ದಿ ಮಾಡುವುದೇ ಕೆಲಸವಾದವರು ಮೂಲ ಯಾವುದು ಅಂತ ನೋಡಬೇಕಿತ್ತು, ಅಲ್ವಾ?

ಈಗ ಕಷ್ಟ ಇನ್ನೂ ಜಾಸ್ತಿ. ಎರಡು ಸಾಲು ಸ್ಕ್ರೀನ್‌ಶಾಟ್ ಆಗಿ ಹರಿದಾಡುತ್ತದೆ. ಬರೆದವರ ಹೆಸರು, ಪತ್ರಿಕೆಯ ಹೆಸರು ಎಲ್ಲ ಕಳಚಿಹೋಗಿರುತ್ತದೆ. ಹಾಗಾಗಿ ಸುಳಿವು ಆ ಸಾಲುಗಳಲ್ಲೇ ಇರಬೇಕು. ಕತ್ತರಿಸಿ ಕಳಿಸಿದವರ ಪಾಲೂ ಇದರಲ್ಲಿ ಸಣ್ಣದಲ್ಲ.

ಇನ್ನು, ಓದಿದವರು ನಕ್ಕರು ಅಂದಮಾತ್ರಕ್ಕೆ ಅರ್ಥವಾಯಿತು ಅಂದುಕೊಳ್ಳಬೇಡಿ. ಅಮೆರಿಕದ ಹಾಸ್ಯಗಾರ ಸ್ಟೀಫನ್ ಕೋಲ್ಬರ್ ಟೀವಿಯಲ್ಲಿ ಬಲಪಂಥೀಯ ನಿರೂಪಕನಂತೆ ನಟಿಸುತ್ತಿದ್ದ ಕಾರ್ಯಕ್ರಮದ ಬಗ್ಗೆ 2009ರಲ್ಲಿ ಒಂದು ಅಧ್ಯಯನ ಬಂತು. ತಮಾಷೆಯಾಗಿದೆ ಅಂತ ಎರಡೂ ಪಂಥದ ನೋಡುಗರು ಒಪ್ಪಿದ್ದರು. ಆದರೆ ಕೋಲ್ಬರ್ ತಮಾಷೆಯ ನೆಪದಲ್ಲಿ ಮನಸ್ಸಿನ ಮಾತನ್ನೇ ಹೇಳುತ್ತಿದ್ದಾರೆ ಅಂತ ಎಡಪಂಥೀಯರಿಗಿಂತ ಬಲಪಂಥೀಯರಿಗೆ ಹೆಚ್ಚಾಗಿ ಅನ್ನಿಸಿತ್ತು. ಅದಕ್ಕೇ, ನೀವು ಬರೆಯುವವರಾಗಿದ್ದರೆ ನಿಮ್ಮ ಜೊತೆ ಒಪ್ಪದ ಒಬ್ಬರಿಗೆ ಮೊದಲು ಓದಲು ಕೊಡಿ. ಏನು ಅರ್ಥವಾಯಿತು ಅಂತ ಅವರ ಬಾಯಲ್ಲೇ ಕೇಳಿ.