ರೆಜಿ ವೈಟ್ ಅವರನ್ನು ಅಭಿಮಾನಿಗಳು ಇನ್ನೂ ಇಷ್ಟೊಂದು ನೆನೆಯುವುದೇಕೆ?

ಅಮೆರಿಕನ್ ಫುಟ್‌ಬಾಲ್ ನೋಡಲು ಈಗಷ್ಟೇ ಶುರುಮಾಡಿದ್ದೀರಿ ಎಂದು ಬರೆದಿದ್ದೀರಿ. ಚೆಂಡು ಎಸೆಯುವವನು, ಹಿಡಿಯುವವನು, ಹಿಡಿದು ಓಡುವವನು ಹೆಸರು ಮಾಡುವುದು ಸರಿ. ಚೆಂಡನ್ನು ಮುಟ್ಟುವುದೇ ಅಪರೂಪವಾದ ಒಬ್ಬ ಡಿಫೆನ್ಸಿವ್ ಲೈನ್‌ಮನ್, ಅಂದರೆ ಎದುರಾಳಿಯನ್ನು ತಡೆಯುವ ಮುಂದಿನ ಸಾಲಿನ ಆಟಗಾರ, ತೀರಿಕೊಂಡು ಎರಡು ದಶಕ ಕಳೆದರೂ ಜನ ಗಂಟಲು ಕಟ್ಟಿಕೊಂಡು ಮಾತಾಡುವುದು ಯಾಕೆ ಎಂಬುದು ನಿಮ್ಮ ಪ್ರಶ್ನೆ. ನಾನು 1996ರ ಬೇಸಿಗೆಯಲ್ಲಿ ಕೆಲಸಕ್ಕೆಂದು ಮಿಲ್ವಾಕಿಗೆ ಬಂದವನು. ಬಂದ ವರ್ಷವೇ ವಿಸ್ಕಾನ್ಸಿನ್ ರಾಜ್ಯದ ತಂಡ ಗ್ರೀನ್ ಬೇ ಪ್ಯಾಕರ್ಸ್ ಸೂಪರ್ ಬೌಲ್, ಅಂದರೆ ಎನ್‌ಎಫ್‌ಎಲ್ ಲೀಗಿನ ಅಂತಿಮ ಪಂದ್ಯ, ಗೆದ್ದಿತು. ಹಾಗಾಗಿ ನನ್ನ ಉತ್ತರ ವಿಸ್ಕಾನ್ಸಿನ್ ಕಡೆಗೆ ವಾಲಿದ್ದು. ವೈಟ್ ಅದಕ್ಕೂ ಮೊದಲು ಆಡಿದ ಫಿಲಡೆಲ್ಫಿಯಾದವರನ್ನು ಕೇಳಿದರೆ ಬೇರೆಯೇ ಹೇಳುತ್ತಾರೆ.

ಆಟ ನನಗೆ ತಲೆಬುಡ ತಿಳಿಯುತ್ತಿರಲಿಲ್ಲ. ಪಕ್ಕದ ಮನೆಯ ಯಜಮಾನರು, ಬಿಯರ್ ಕಾರ್ಖಾನೆಯಿಂದ ನಿವೃತ್ತರಾದವರು, ಭಾನುವಾರಗಳಂದು ತಮ್ಮ ನೆಲಮಾಳಿಗೆಯ ಟಿವಿಯ ಮುಂದೆ ನನ್ನನ್ನು ಕೂರಿಸಿಕೊಳ್ಳುತ್ತಿದ್ದರು. ಮೊದಲ ದಿನವೇ ಹೇಳಿದ್ದು ಒಂದೇ ಮಾತು: ಚೆಂಡನ್ನು ನೋಡಬೇಡ, 92ನೇ ನಂಬರನ್ನು ನೋಡು. ಆ ನಂಬರು ವೈಟ್ ಅವರದು.

ಕಬಡ್ಡಿ ನೋಡಿ ಬೆಳೆದವರಿಗೆ ಇದು ಬೇಗ ಹತ್ತುತ್ತದೆ. ಕಣ್ಣೆಲ್ಲ ರೈಡರ್ ಮೇಲೆ ಇದ್ದರೂ ಮೂಲೆಯಲ್ಲಿ ನಿಂತವನು ಯಾವ ಕ್ಷಣದಲ್ಲಿ ಪಾದಕ್ಕೆ ಬೀಳುತ್ತಾನೆ ಎಂಬುದರ ಮೇಲೆ ಆಟ ನಿಂತಿರುತ್ತದೆ. ಇಲ್ಲಿಯೂ ಹಾಗೆಯೇ. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ಗೆ ಸಿಗುವುದು ಮೂರು ಸೆಕೆಂಡು ಇರಬಹುದು. ಅವನ ಮುಂದೆ ಗೋಡೆಯಂತೆ ಐದು ಜನ ದೈತ್ಯರು. ಆ ಗೋಡೆ ಒಡೆದು, ಅವನು ಎಸೆಯುವ ಮೊದಲೇ ಅವನನ್ನು ನೆಲಕ್ಕೆ ಕೆಡವಿದರೆ ಅದು ‘ಸ್ಯಾಕ್’. 1982ರಿಂದಷ್ಟೇ ಇದಕ್ಕೆ ಅಧಿಕೃತ ಲೆಕ್ಕವಿದೆ. ವೈಟ್ ನಿವೃತ್ತರಾದಾಗ ಅವರ ಹೆಸರಿನಲ್ಲಿ 198 ಇದ್ದವು, ಅಂದಿಗೆ ಅದೇ ದಾಖಲೆ. ಮುಂದೆ ಬ್ರೂಸ್ ಸ್ಮಿತ್ 200 ಮಾಡಿ ಮುರಿದರು. ಅಂದ ಹಾಗೆ, ವೈಟ್ ಮೊದಲ ಎರಡು ಸೀಸನ್ ಆಡಿದ್ದು ಬೇರೊಂದು ಲೀಗಿನಲ್ಲಿ, ಮೆಂಫಿಸ್ ತಂಡಕ್ಕೆ. ಅಲ್ಲಿಯವು ಈ ಲೆಕ್ಕಕ್ಕೆ ಸೇರಿಲ್ಲ. ಪಕ್ಕದ ಮನೆಯ ಯಜಮಾನರ ಪ್ರಕಾರ ಬ್ರೂಸ್ ಸ್ಮಿತ್ ವಿಷಯ ಎತ್ತುವುದೇ ಅನಾಗರಿಕ.

ಆದರೆ ಜನ ನೆನೆಯುವುದು ಅಂಕಿಗಳನ್ನಲ್ಲ, ಒಂದು ಪಟ್ಟನ್ನು. ಕುಸ್ತಿಯವರ ಅರ್ಥದಲ್ಲೇ ‘ಪಟ್ಟು’ ಎನ್ನುತ್ತಿದ್ದೇನೆ. ಆರು ಅಡಿ ಐದು ಅಂಗುಲ ಎತ್ತರ, ನೂರಮೂವತ್ತೈದು ಕಿಲೋ ಆಸುಪಾಸಿನ ದೇಹ. ಅಷ್ಟು ದೊಡ್ಡ ಮನುಷ್ಯ ಮೊದಲು ಓಟಗಾರನ ಹಾಗೆ ಹೊರಬದಿಯಿಂದ ಸುತ್ತಿಕೊಂಡು ನುಗ್ಗುತ್ತಿದ್ದರು. ಎದುರಿನವನಿಗೆ ಗಾಬರಿ, ಅಡ್ಡಗಟ್ಟಲು ಮೈಯ ಭಾರವನ್ನೆಲ್ಲ ಆ ಕಡೆಗೆ ಹಾಕುತ್ತಿದ್ದ. ಹಾಕಿದ ಕ್ಷಣವೇ ವೈಟ್ ಒಳಕ್ಕೆ ತಿರುಗಿ, ಒಂದೇ ತೋಳನ್ನು ಅವನ ಪಕ್ಕೆಯಡಿ ತೂರಿಸಿ ಎತ್ತಿ ಒಗೆಯುತ್ತಿದ್ದರು. ಒಗೆಯುವುದು ಎಂದರೆ ಉತ್ಪ್ರೇಕ್ಷೆಯಲ್ಲ. ಬಲದಿಂದ ತಳ್ಳಿದರು ಎಂದು ಹೊಸಬರು ತಿಳಿಯುತ್ತಾರೆ, ಆದರೆ ಅರ್ಧ ಬಲ ಎದುರಿನವನದೇ. ಅವನು ಯಾವ ಕಡೆಗೆ ವಾಲಿದ್ದಾನೋ ಅದೇ ಕಡೆಗೆ ಅವನನ್ನು ಸಾಗಹಾಕುವುದು. ಈ ಪಟ್ಟು ಬರುತ್ತದೆ ಎಂದು ಎದುರಾಳಿಗಳಿಗೆಲ್ಲ ಗೊತ್ತಿತ್ತು. ಒಳಗಿನ ದಾರಿ ಕಾಯ್ದುಕೊಂಡು ನಿಂತರೆ ಹೊರಗಿನಿಂದ ಹೋಗಿಬಿಡುತ್ತಿದ್ದರು. ಆದ್ದರಿಂದ ಇಬ್ಬರು ಸೇರಿ ಅವರನ್ನು ತಡೆಯುತ್ತಿದ್ದರು, ಒಮ್ಮೊಮ್ಮೆ ಮೂವರು. ಆಗ ಬೇರೆಲ್ಲೋ ನಮ್ಮವನೊಬ್ಬ ಬಿಡುವಾಗಿ ನಿಂತಿರುತ್ತಿದ್ದ. ಇಂಥ ದಿನಗಳಲ್ಲಿ ಅಂಕಿಪಟ್ಟಿಯಲ್ಲಿ ವೈಟ್ ಹೆಸರಿನ ಮುಂದೆ ಸೊನ್ನೆ. ಆದರೂ ಪಂದ್ಯ ಗೆದ್ದದ್ದು ಯಾರಿಂದ ಎಂಬುದು ನೆಲಮಾಳಿಗೆಯಲ್ಲಿ ಕುಳಿತವರಿಗೆಲ್ಲ ತಿಳಿದಿರುತ್ತಿತ್ತು.

ಫಿಲಡೆಲ್ಫಿಯಾ ಈಗಲ್ಸ್‌ನಲ್ಲಿ 1985ರಿಂದ 1992ರವರೆಗೆ 121 ಪಂದ್ಯ ಆಡಿ 124 ಸ್ಯಾಕ್ ಮಾಡಿದರು, ಅಂದರೆ ಪಂದ್ಯಕ್ಕೊಂದಕ್ಕಿಂತ ಹೆಚ್ಚು. 1987ರಲ್ಲಿ ಆಟಗಾರರ ಮುಷ್ಕರದಿಂದಾಗಿ ಹನ್ನೆರಡೇ ಪಂದ್ಯ ಆಡಿದರೂ 21. ಆಟದ ಮಟ್ಟಿಗೆ ಅವರ ಅತ್ಯುತ್ತಮ ಕಾಲ ಅದೇ ಎಂದು ನನಗೂ ಅನಿಸುತ್ತದೆ. ಇದನ್ನು ವಿಸ್ಕಾನ್ಸಿನ್‌ನಲ್ಲಿ ಜೋರಾಗಿ ಹೇಳುವುದಿಲ್ಲ.

ಮತ್ತೆ ವಿಸ್ಕಾನ್ಸಿನ್ ಜನರಿಗೇಕೆ ಇಷ್ಟು ಪ್ರೀತಿ? ವೈಟ್ ಇಲ್ಲಿಗೆ ಬಂದರು ಎಂಬ ಕಾರಣಕ್ಕೆ. ಅದಕ್ಕೂ ಮುಂಚೆ ಒಪ್ಪಂದ ಮುಗಿದ ಆಟಗಾರ ತನಗೆ ಬೇಕಾದ ತಂಡಕ್ಕೆ ಸಲೀಸಾಗಿ ಹೋಗುವಂತಿರಲಿಲ್ಲ. ಅದನ್ನು ಪ್ರಶ್ನಿಸಿ ಲೀಗ್ ವಿರುದ್ಧ ಹೂಡಿದ ದಾವೆಗೆ ವೈಟ್ ಅವರದೇ ಹೆಸರಿತ್ತು. ರಾಜಿಯಾಗಿ 1993ರಲ್ಲಿ ಬಾಗಿಲು ತೆರೆಯಿತು. ದೊಡ್ಡ ದೊಡ್ಡ ನಗರಗಳ ತಂಡಗಳು ಅವರಿಗೆ ಕೆಂಪು ಹಾಸು ಹಾಸಿದವು. ಗ್ರೀನ್ ಬೇ ಎಂದರೆ ಲಕ್ಷದ ಆಸುಪಾಸಿನ ಜನಸಂಖ್ಯೆಯ ಚಳಿಯ ಊರು. ತಂಡಕ್ಕೆ ಒಬ್ಬ ಧಣಿಯೂ ಇಲ್ಲ, ಷೇರು ಕೊಂಡ ಸಾಮಾನ್ಯರೇ ಮಾಲೀಕರು. ಕೊನೆಯ ಸೂಪರ್ ಬೌಲ್ ಗೆದ್ದದ್ದು 1968ರ ಜನವರಿಯಲ್ಲಿ. ಅಲ್ಲಿಂದ ಮುಂದೆ ನೆನೆಯುವಂಥದ್ದು ಹೆಚ್ಚೇನೂ ಇರಲಿಲ್ಲ. ಬಹುತೇಕ ಬಿಳಿಯರ ಊರು ಬೇರೆ. ಕರಿಯ ಆಟಗಾರರು ಅಲ್ಲಿಗೆ ಹೋಗಲು ಹಿಂದೇಟು ಹಾಕುತ್ತಿದ್ದರು. ವೈಟ್ ದೀಕ್ಷೆ ಪಡೆದ ಪಾದ್ರಿ. ಎಲ್ಲಿಗೆ ಹೋಗಬೇಕೆಂದು ದೇವರನ್ನೇ ಕೇಳುತ್ತೇನೆ ಎಂದಿದ್ದರು. ಪ್ಯಾಕರ್ಸ್ ಕೋಚ್ ಮೈಕ್ ಹೋಮ್‌ಗ್ರೆನ್, ವೈಟ್ ಮನೆಯ ಫೋನಿನಲ್ಲಿ ಸಂದೇಶ ಬಿಟ್ಟರಂತೆ: “ರೆಜಿ, ನಾನು ದೇವರು. ಗ್ರೀನ್ ಬೇಗೆ ಹೋಗು.” ನಾಲ್ಕು ವರ್ಷಕ್ಕೆ 1 ಕೋಟಿ 70 ಲಕ್ಷ ಡಾಲರಿನ ಒಪ್ಪಂದಕ್ಕೆ ವೈಟ್ ಸಹಿ ಹಾಕಿದರು. ದೇವರೂ ಹಣದ ಲೆಕ್ಕ ನೋಡಿದ್ದಾನೆ ಎಂದು ಕುಹಕವಾಡಿದವರಿದ್ದಾರೆ, ಇರಲಿ. ಅವರ ಹಿಂದೆ ಬೇರೆ ಆಟಗಾರರೂ ಬರತೊಡಗಿದರು. ಊರಿನವರಿಗೆ ತಮ್ಮ ಊರಿನ ಮೇಲೆಯೇ ಭರವಸೆ ಮರಳಿತು.

ಆ ಸೂಪರ್ ಬೌಲ್ ಅನ್ನು, 1997ರ ಜನವರಿ 26ರಂದು, ನಾನು ಅದೇ ನೆಲಮಾಳಿಗೆಯಲ್ಲಿ ನೋಡಿದೆ. ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ 27-21ಕ್ಕೆ ಹತ್ತಿರ ಬಂದಾಗ ಯಜಮಾನರು ಕುರ್ಚಿಯಿಂದೆದ್ದು ಗೋಡೆಗೆ ಮುಖಮಾಡಿ ನಿಂತಿದ್ದರು. ಮರುಕ್ಷಣವೇ ನಮ್ಮ ಡೆಸ್ಮಂಡ್ ಹೋವರ್ಡ್ ಚೆಂಡು ಹಿಡಿದು 99 ಯಾರ್ಡ್ ಓಡಿದರು, 35-21. ಜಗತ್ತು ನೆನಪಿಟ್ಟಿರುವುದು ಆ ಓಟವನ್ನು, ಪಂದ್ಯಶ್ರೇಷ್ಠ ಪ್ರಶಸ್ತಿ ಸಿಕ್ಕಿದ್ದೂ ಅವರಿಗೇ. ಅದಾದ ಕೂಡಲೇ ವೈಟ್ ಬೆನ್ನುಬೆನ್ನಿಗೆ ಎರಡು ಬಾರಿ ಪೇಟ್ರಿಯಟ್ಸ್ ಕ್ವಾರ್ಟರ್‌ಬ್ಯಾಕ್ ಡ್ರೂ ಬ್ಲೆಡ್ಸೋ ಅವರನ್ನು ಕೆಡವಿದರು, ಕೊನೆಗೆ ಮೂರನೆಯದೂ ಬಂತು. ಒಂದೇ ಸೂಪರ್ ಬೌಲ್‌ನಲ್ಲಿ ಮೂರು, ಆಗ ಅದು ದಾಖಲೆ. ಯಜಮಾನರು ಗೋಡೆಯಿಂದ ತಿರುಗಿದ್ದು ಎರಡನೆಯದಾದ ಮೇಲೆ.

ಇಷ್ಟನ್ನೇ ಬರೆದು ನಿಲ್ಲಿಸಿದರೆ ಸುಳ್ಳಾಗುತ್ತದೆ. 1998ರ ಮಾರ್ಚ್‌ನಲ್ಲಿ ವಿಸ್ಕಾನ್ಸಿನ್ ಶಾಸನಸಭೆ ಅವರನ್ನು ಮಾತಾಡಲು ಕರೆದಿತ್ತು. ಕರಿಯರು ಹೀಗೆ, ಬಿಳಿಯರು ಹಾಗೆ, ಏಷ್ಯಾದವರು ಹೀಗೆ ಎಂದು ಒಂದೊಂದು ಜನಾಂಗಕ್ಕೆ ಒಂದೊಂದು ಗುಣದ ಚೀಟಿ ಅಂಟಿಸುತ್ತಾ ಹೋದರು, ಸಲಿಂಗಿಗಳನ್ನು ಖಂಡಿಸಿದರು. ಹೊಗಳಿಕೆ ಎಂದುಕೊಂಡೇ ಹೇಳಿದ್ದಿರಬಹುದು, ಆದರೆ ಏಷ್ಯಾದವನಾದ ನನಗೆ ಆ ಹೊಗಳಿಕೆ ಬೇಕಿರಲಿಲ್ಲ. ಆ ವಾರ ನಾನು ನೆಲಮಾಳಿಗೆಗೆ ಹೋಗಲಿಲ್ಲ. ಯಜಮಾನರೇ ನಮ್ಮ ಮನೆಯ ಬಾಗಿಲಿಗೆ ಬಂದು, ಏನು ಹೇಳಬೇಕೆಂದು ತೋಚದೆ, ಹಿಮ ಎತ್ತುವ ಸಲಿಕೆ ಬೇಕೇ ಎಂದು ಕೇಳಿ ಹೋದರು. ಅದೇ ವರ್ಷದ ಸೀಸನ್‌ನಲ್ಲಿ, ಮೂವತ್ತಾರನೆಯ ವಯಸ್ಸಿನಲ್ಲಿ ವೈಟ್ 16 ಸ್ಯಾಕ್ ಮಾಡಿ ಎರಡನೆಯ ಬಾರಿ ವರ್ಷದ ಶ್ರೇಷ್ಠ ಡಿಫೆನ್ಸ್ ಆಟಗಾರರಾದರು. ನಾನು ಮತ್ತೆ ಹೋಗಿ ನೋಡಿದೆ. ಎರಡನ್ನೂ ಒಟ್ಟಿಗೇ ಇಟ್ಟುಕೊಂಡಿದ್ದೇನೆ.

ಇನ್ನು ನೀವು ಪ್ಯಾಕರ್ಸ್ ಕ್ರೀಡಾಂಗಣದ ಹೆಸರು ಹೊತ್ತ ಲ್ಯಾಂಬೋ ಜಿಗಿತದ ವಿಡಿಯೊಗಳನ್ನು ನೋಡಿಯೇ ಇರುತ್ತೀರಿ: ಅಂಕ ಗಳಿಸಿದ ಆಟಗಾರ ಗ್ಯಾಲರಿಯ ಗೋಡೆಗೆ ಹಾರಿ ಪ್ರೇಕ್ಷಕರ ತೋಳಿಗೆ ಬೀಳುವುದು. ಅದು ಶುರುವಾದದ್ದು 1993ರ ಡಿಸೆಂಬರ್ 26ರಂದು, ಮೂಳೆ ಕೊರೆಯುವ ಚಳಿಯಲ್ಲಿ. ಎದುರಾಳಿಯ ಕೈ ಜಾರಿದ ಚೆಂಡನ್ನು ಎತ್ತಿಕೊಂಡು ಓಡಿದ್ದು ವೈಟ್. ತನ್ನನ್ನು ಹಿಡಿದು ಹೊರಗೆ ತಳ್ಳುತ್ತಿದ್ದಾರೆ ಎನ್ನುವಾಗ ಚೆಂಡನ್ನು ಹಿಂದಕ್ಕೆ, ತಮ್ಮದೇ ತಂಡದ ಲಿರಾಯ್ ಬಟ್ಲರ್ ಕೈಗೆ ಎಸೆದರು. ಬಟ್ಲರ್ ಓಡಿದರು, ಜಿಗಿದರು. ಪ್ರಸಿದ್ಧ ಚಿತ್ರದಲ್ಲಿ ಇರುವುದು ಬಟ್ಲರ್ ಮಾತ್ರ.

ಹನ್ನೊಂದು ವರ್ಷದ ನಂತರ ಅದೇ ತಾರೀಖು, 2004ರ ಡಿಸೆಂಬರ್ 26, ಭಾನುವಾರ. ಸುನಾಮಿಯ ದಿನ. ಚೆನ್ನೈನಲ್ಲಿದ್ದ ಅಕ್ಕನ ಫೋನು ಸಿಗದೆ ರಾತ್ರಿಯೆಲ್ಲ ಎದ್ದಿದ್ದೆವು. ಬೆಳಗಿನ ಜಾವ ಸಿಕ್ಕಿತು, ಕ್ಷೇಮವಾಗಿದ್ದರು. ಆಮೇಲೆ ಯಜಮಾನರು ಫೋನ್ ಮಾಡಿದರು. ನಿಮ್ಮವರೆಲ್ಲ ಹೇಗಿದ್ದಾರೆ, ಅಕ್ಕನ ಮನೆ ಸಮುದ್ರದಿಂದ ಎಷ್ಟು ದೂರ, ಮಕ್ಕಳು ಎಲ್ಲಿದ್ದರು, ಎಲ್ಲವನ್ನೂ ವಿಚಾರಿಸಿದರು. ನಾನು ಇನ್ನೇನು ಇಡಬೇಕು ಎನ್ನುವಾಗ, ಇಂಥ ದಿನ ಇದನ್ನು ಹೇಳಬಾರದು ಎಂದರು. ಹೇಳಿ ಎಂದೆ. 92 ಹೋಗಿಬಿಟ್ಟ, ನಲವತ್ತಮೂರೇ ವರ್ಷ ಎಂದರು.